ಏಳನೇ ಕಾಲಂ

ಬಾಲಮಂದಿರದ ಹನ್ನೊಂದು ಹಳೆಯ ರಿಜಿಸ್ಟರುಗಳು ಸರ್ಕಾರಿ ಮುದ್ರಣಾಲಯದ ಬೈಂಡಿಂಗ್ ಕೋಣೆಗೆ ಗೋಣಿಚೀಲದಲ್ಲಿ ಬಂದಿಳಿದಾಗ ಬೈಂಡರಮ್ಮ ಊಟದ ಡಬ್ಬಿ ತೊಳೆದು ಒರೆಸುತ್ತಿದ್ದಳು. ಜವಾನ ಚೀಲವನ್ನು ಮೇಜಿನ ಮೇಲೆ ಕವುಚಿದ. ಧೂಳು, ಜಿರಳೆ ಮೊಟ್ಟೆ, ಗೆದ್ದಲ ಮಣ್ಣು, ನೂರು ವರ್ಷಗಳ ಸರ್ಕಾರಿ ಅಕ್ಕರೆ ಎಲ್ಲ ಒಟ್ಟಿಗೆ ಉದುರಿತು.

"ಶತಮಾನೋತ್ಸವ ಅಂತೆ," ಎಂದ ಜವಾನ. "ಗಾಜಿನ ಪೆಟ್ಟಿಗೇಲಿಟ್ಟು ಮಂತ್ರಿಗಳಿಗೆ ತೋರಿಸ್ತಾರಂತೆ. ಗುರುವಾರದೊಳಗೆ ಹೊಸದಾಗಿ ಹೊಲಿದು ಕೊಡ್ಬೇಕಂತೆ."

"ಯಾವುದರ ಉತ್ಸವ?"

"ನೂರು ವರ್ಷ ಮಕ್ಕಳನ್ನ ಸಾಕಿದ್ದಕ್ಕೆ."

"ಸಾಕಿದ್ದಕ್ಕಾ, ಸಾಕು ಸಾಕು ಅನ್ನಿಸಿದ್ದಕ್ಕಾ?"

ಜವಾನ ನಕ್ಕು ಹೋದ. ಬೈಂಡರಮ್ಮ ನಗಲಿಲ್ಲ. ಆ ಹನ್ನೊಂದರಲ್ಲಿ ಆರನೆಯದರೊಳಗೆ ಅವಳೇ ಇದ್ದಳು. ಐದು ವರ್ಷದವಳಿದ್ದಾಗ ಆ ಮನೆಗೆ ಹೋಗಿ, ಹದಿನಾರು ತುಂಬಿದಾಗ ಅದೇ ಕಾಂಪೌಂಡಿನ ಗೋಡೆಯಾಚೆಯ ಯುವತಿಯರ ನಿಲಯಕ್ಕೆ ದಾಟಿ, ಹದಿನೆಂಟು ತುಂಬಿದ ದಿನ ಒಂದು ತಗಡಿನ ಪೆಟ್ಟಿಗೆಯೊಂದಿಗೆ ಹೊರಗೆ ಬಿದ್ದವಳು. ಹೊಲಿಗೆ, ಬೈಂಡಿಂಗು, ಬಾಯಿ ಮುಚ್ಚಿಕೊಂಡಿರುವುದು, ಈ ಮೂರು ಕಸುಬನ್ನು ಸರ್ಕಾರ ಅಲ್ಲಿ ಕಲಿಸುತ್ತಿತ್ತು. ಮೂರನೆಯದನ್ನು ಅವಳು ಸರಿಯಾಗಿ ಕಲಿಯಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ಅವಳು ಈ ಮುದ್ರಣಾಲಯದಲ್ಲಿ ದಿನಗೂಲಿ. ಈಗ ಐವತ್ತೊಂದನೇ ವಯಸ್ಸಿನಲ್ಲಿ ಕಾಯಂ ಮಾಡುತ್ತೇವೆಂದು ಸರ್ಕಾರಕ್ಕೆ ಹೇಗೋ ಬುದ್ಧಿ ಬಂದಿತ್ತು. ಕಾಗದಪತ್ರ ಕೊಡಲು ಶನಿವಾರ ಸಂಜೆ ಐದು ಗಂಟೆ ಕೊನೆ. ಅವಳ ಹುಟ್ಟು, ಊರು, ಹೆತ್ತವರ ಬಗ್ಗೆ ಭೂಮಿಯ ಮೇಲಿರುವ ಕಾಗದ ಒಂದೇ, ಬಾಲಮಂದಿರದ ದಾಖಲಾತಿ ಹಾಳೆ. ಅದರ ನಕಲನ್ನು ತಂದುಕೊಟ್ಟಿದ್ದಳು. ಸಿಬ್ಬಂದಿ ವಿಭಾಗದ ಗುಮಾಸ್ತ ಅದನ್ನು ಹಿಂದಿನ ವಾರವೇ ಮುಖದ ಮುಂದೆ ಹಿಡಿದು ವಾಪಸು ಮಾಡಿದ್ದ.

"ಏಳನೇ ಕಾಲಂ ನೋಡಿದ್ದೀರಾ?"

ನೋಡಿದ್ದಳು. ಕಾಲಂ ಆರು, ವಯಸ್ಸು: ಐದು. ಕಾಲಂ ಏಳು, ಅಪರಾಧ: ತಾಯಿಯ ಮರಣ. ಕಾಲಂ ಎಂಟು, ಶಿಕ್ಷೆಯ ಅವಧಿ: ಹದಿನೆಂಟು ತುಂಬುವವರೆಗೆ.

"ಅರ್ಜಿಯಲ್ಲಿ, ನಿಮ್ಮ ಮೇಲೆ ಯಾವುದಾದರೂ ಅಪರಾಧ ದಾಖಲಾಗಿದೆಯೇ ಅಂತ ಕೇಳಿದ್ದಕ್ಕೆ ಇಲ್ಲ ಅಂತ ಬರೆದಿದ್ದೀರಿ. ಇಲ್ಲಿ ನೋಡಿದ್ರೆ ದಾಖಲಾಗಿದೆ."

"ಅಮ್ಮ ಸತ್ತಿದ್ದು ಅಪರಾಧವಾ ಸಾರ್?"

"ಅಪರಾಧವೋ ಅಲ್ಲವೋ ನನಗೆ ಗೊತ್ತಿಲ್ಲಮ್ಮ. ದಾಖಲಾಗಿದೆ."

"ಆಗ ನನಗೆ ಐದು ವರ್ಷ."

"ವಯಸ್ಸು ಆರನೇ ಕಾಲಂನಲ್ಲಿದೆ. ಅದರ ಬಗ್ಗೆ ನಮ್ಮದೇನೂ ತಕರಾರಿಲ್ಲ." ಅವನು ನಕಲನ್ನು ಎರಡು ಬೆರಳಲ್ಲಿ ಹಿಡಿದು ಅವಳ ಕಡೆ ಚಾಚಿದ. "ಸುಳ್ಳು ಮಾಹಿತಿ ಅಂತ ಆದ್ರೆ ಕಾಯಂ ಮಾತು ಹಾಗಿರಲಿ, ದಿನಗೂಲಿಯಿಂದ್ಲೂ ತೆಗೀಬೇಕಾಗುತ್ತೆ. ಸರಿಪಡಿಸ್ಕೊಂಡು ಬನ್ನಿ."

ಈ ಕಾಲಂ ಎಲ್ಲಿಂದ ಬಂತು ಎನ್ನುವುದಕ್ಕೆ ಒಂದು ಚರಿತ್ರೆ ಇದೆ. ನೂರು ವರ್ಷದ ಹಿಂದೆ ಜೈಲು ಇಲಾಖೆ ತನ್ನ ಕುದುರೆ ಲಾಯವನ್ನು ಖಾಲಿ ಮಾಡಿ, ಬೀದಿಯಲ್ಲಿ ಸಿಕ್ಕ ಮಕ್ಕಳನ್ನು ಅದರೊಳಗೆ ತುಂಬಿ, ಬಾಗಿಲಿಗೆ 'ಪುಂಡ ಮಕ್ಕಳ ಶಾಲೆ' ಎಂದು ಬೋರ್ಡು ಹೊಡೆಯಿತು. ಕುದುರೆಗಳಿಗೆ ಕಿಟಕಿ ಬೇಕಿರಲಿಲ್ಲವಾದ್ದರಿಂದ ಮಕ್ಕಳಿಗೂ ಬೇಕಾಗಲಿಲ್ಲ. ಇಪ್ಪತ್ತು ವರ್ಷದ ಮೇಲೆ ಯಾರಿಗೋ ನಾಚಿಕೆಯಾಗಿ ಬೋರ್ಡು 'ಸುಧಾರಣಾ ಶಾಲೆ' ಆಯಿತು. ಮತ್ತೆ ನಾಚಿಕೆಯಾಗಿ 'ಅನಾಥಾಲಯ' ಆಯಿತು. ಆಮೇಲೆ ಮನೆ ಜೈಲು ಇಲಾಖೆಯಿಂದ ಮಕ್ಕಳ ಕಲ್ಯಾಣ ಇಲಾಖೆಗೆ ವರ್ಗವಾಗಿ 'ಬಾಲಮಂದಿರ' ಎಂದು ಬರೆಸಿಕೊಂಡಿತು. ನಾಚಿಕೆಯಾದಾಗಲೆಲ್ಲ ಬೋರ್ಡು ಬರೆಯುವವನಿಗೆ ಕೆಲಸ. ಬೀಗ ಮಾತ್ರ ಅದೇ ಬೀಗ, ಬೀಗದ ಕೈ ಅದೇ ಬೀಗದ ಕೈ.

ಅದೇ ಫಾರಂ ಕೂಡ. ಜೈಲು ಇಲಾಖೆ ಹೋಗುವಾಗ ಕೈದಿಗಳ ದಾಖಲಾತಿಗೆಂದು ಮುದ್ರಿಸಿದ್ದ ಐವತ್ತು ಸಾವಿರ ಹಾಳೆಗಳನ್ನು ಉಗ್ರಾಣದಲ್ಲೇ ಬಿಟ್ಟುಹೋಗಿತ್ತು. ಸರ್ಕಾರದ ಕಾಗದ ಹಾಳುಮಾಡುವಂತಿಲ್ಲ. ಸರ್ಕಾರದ ಮಕ್ಕಳ ಬಗ್ಗೆ ಅಂಥ ನಿಯಮ ಇರಲಿಲ್ಲ. ವರ್ಷಕ್ಕೆ ನೂರು ಮಕ್ಕಳಂತೆ ಲೆಕ್ಕ ಹಾಕಿದರೆ ಆ ಹಾಳೆಗಳು ಐದು ಶತಮಾನಕ್ಕೆ ಸಾಲುತ್ತಿದ್ದವು. ಜೊತೆಗೆ ಗುಮಾಸ್ತರಿಗೆ ಇನ್ನೊಂದು ಆಜ್ಞೆ, ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಹಾಗಾಗಿ ಏಳನೇ ಕಾಲಂ ಎದುರಿಗೆ ಬಂದಾಗ ಪೆನ್ನಿನ ಹಿಂಬದಿ ಕಚ್ಚಿ, ಮಗುವಿನ ಮುಖ ನೋಡಿ, ತೋಚಿದ್ದನ್ನು ಬರೆದರು. ಅಪರಾಧ: ಅನಾಥೆ. ಅಪರಾಧ: ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದು. ಅಪರಾಧ: ಮಾತು ಬಾರದು. ಒಂದೇ ದಿನ ಬಂದ ಇಬ್ಬರು ಹೆಣ್ಣುಮಕ್ಕಳಿಗೆ, ಅಪರಾಧ: ಅವಳಿ.

*

ಮಂಗಳವಾರ ಅರ್ಧ ದಿನ ರಜೆ ಹಾಕಿ ಬೈಂಡರಮ್ಮ ಬಾಲಮಂದಿರಕ್ಕೆ ಹೋದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ ಮುಂಭಾಗಕ್ಕೆ ಮಾತ್ರ ಹಳದಿ ಬಣ್ಣ ಹೊಡೆಯುತ್ತಿದ್ದರು. ಪಕ್ಕದ ಗೋಡೆಗಳು ಮಂತ್ರಿಗಳ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಅವಕ್ಕೆ ಪಾಚಿಯೇ ಬಣ್ಣ. ಒಳಗೆ ಹುಡುಗಿಯರು ಮೊಣಕಾಲೂರಿ ನೆಲ ತಿಕ್ಕುತ್ತಿದ್ದರು. ಫಿನಾಯಿಲ್ ವಾಸನೆ ಮೂಗಿಗೆ ಹೊಡೆದದ್ದೇ ತಡ, ನಲವತ್ತಾರು ವರ್ಷ ಸರ್ರನೆ ಹಿಂದೆ ಸರಿದು, ಅವಳ ಕೈ ತಾನಾಗಿ ಬೆನ್ನ ಹಿಂದೆ ಕಟ್ಟಿಕೊಂಡಿತು. ಸಾಲಿನಲ್ಲಿ ನಿಲ್ಲುವಾಗಿನ ಕಟ್ಟು. ಅವಳು ಅಸಹ್ಯಪಟ್ಟು ಕೈ ಬಿಡಿಸಿಕೊಂಡಳು.

ಕಚೇರಿಯಲ್ಲಿ ಈಗಿನ ಸೂಪರಿಂಟೆಂಡೆಂಟ್ ಮೇಡಂ ಇದ್ದರು. ಅವರ ಕುರ್ಚಿಯ ಪಕ್ಕದಲ್ಲಿ ಇನ್ನೂ ದೊಡ್ಡ ಕುರ್ಚಿ ಹಾಕಿಕೊಂಡು, ಕಾಗದದ ರಾಶಿ ಹರಡಿಕೊಂಡು ಒಬ್ಬ ಮುದುಕ ಕೂತಿದ್ದ. ಅವಳು ಕಂಡೊಡನೆ ಗುರುತು ಹಿಡಿದಳು. ಸುತ್ತೋಲೆ ಅಪ್ಪ.

ಅವಳು ಸೇರಿದ ವರ್ಷವೇ ಇಲಾಖೆ ಒಂದು ಸುತ್ತೋಲೆ ಹೊರಡಿಸಿತ್ತು. ಮಕ್ಕಳಲ್ಲಿ ಕುಟುಂಬ ಭಾವನೆ ಬೆಳೆಸುವ ಸಲುವಾಗಿ ಇನ್ನು ಮುಂದೆ ಸೂಪರಿಂಟೆಂಡೆಂಟರನ್ನು ಅಪ್ಪಾಜಿ ಎಂದೂ, ಮೇಟ್ರನ್ನರನ್ನು ಅಮ್ಮ ಎಂದೂ, ಅಡುಗೆಯವಳನ್ನು ಅತ್ತೆ ಎಂದೂ, ಕಾವಲುಗಾರನನ್ನು ಮಾವ ಎಂದೂ ಕರೆಯತಕ್ಕದ್ದು. ತಪ್ಪಿದವರಿಗೆ ಆ ಹೊತ್ತಿನ ಊಟ ಇಲ್ಲ. ಹದಿಮೂರು ವರ್ಷದಲ್ಲಿ ಅವಳಿಗೆ ಒಂಬತ್ತು ಅಪ್ಪಂದಿರಾದರು. ಎಲ್ಲರೂ ವರ್ಗಾವಣೆಯಾಗಿ ಬಂದು ವರ್ಗಾವಣೆಯಾಗಿ ಹೋದರು. ಈತ ಮೊದಲನೆಯವನು. ನಿವೃತ್ತನಾಗಿ ಇಪ್ಪತ್ತು ವರ್ಷವಾಗಿದ್ದರೂ ಸ್ಮರಣ ಸಂಚಿಕೆಗೆ ಸಂಸ್ಥೆಯ ಇತಿಹಾಸ ಬರೆಯಲು ಕರೆಸಿದ್ದರು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದವನ ಕೈಯಲ್ಲೇ ಬಾವಿಯ ಇತಿಹಾಸ ಬರೆಸುತ್ತಿದ್ದರು.

"ಯಾರಮ್ಮ ನೀನು?" ಎಂದ ಮುದುಕ.

"ನಿಮ್ಮ ಮಗಳು ಸಾರ್. ಸುತ್ತೋಲೆ ಪ್ರಕಾರ."

ಚುಚ್ಚಿದ್ದು ಎಮ್ಮೆಯ ಮೇಲೆ ಮಳೆ ಬಿದ್ದಂತಾಯಿತು. ಮುದುಕನ ಮುಖ ಅರಳಿತು. "ನೋಡಿದ್ರಾ ಮೇಡಂ! ಇವತ್ತಿಗೂ ಮರೆತಿಲ್ಲ. ಕೂತ್ಕೋ ಮಗಳೇ. ಯಾವ ಬ್ಯಾಚು ನಿಂದು?"

ಅವಳು ಕೂರದೆ ನಕಲನ್ನು ಮೇಜಿನ ಮೇಲಿಟ್ಟಳು. ಮೇಡಂ ಓದಿ, ನಿಟ್ಟುಸಿರಿಟ್ಟು, ಮತ್ತೆ ಓದಿದರು.

"ದಾಖಲೆ ತಿದ್ದೋ ಅಧಿಕಾರ ನಮಗಿಲ್ಲಮ್ಮ. ಇದು ಜೈಲಿನವರ ಫಾರಂ."

"ಜೈಲಿಗೂ ಹೋಗಿದ್ದೆ ಮೇಡಂ. ಫಾರಂ ನಮ್ಮದೇ, ಆದ್ರೆ ತುಂಬಿದವರು ಅವ್ರು, ಅವರನ್ನೇ ಕೇಳು ಅಂದ್ರು. ಇದನ್ನ ತಪ್ಪಾಗಿ ತುಂಬಿದ್ದು ಅಂತ ನೀವು ಒಂದು ಸಾಲು ಬರ್ಕೊಟ್ರೆ ಸಾಕು."

"ತಪ್ಪಾಗಿ ಅಂತ ಬರೆದ್ರೆ, ಯಾರ ತಪ್ಪು ಅಂತ ಕೇಳ್ತಾರೆ." ಮೇಡಂ ಅರೆಗಣ್ಣಲ್ಲಿ ಮುದುಕನ ಕಡೆ ನೋಡಿದರು. ಹಾಳೆಯ ಕೆಳಗೆ ಅವನದೇ ಸಹಿ ಇತ್ತು. "ಈಗ ಕಾಲ ಬದಲಾಗಿದೆ ಬಿಡಿ. ಈಗ ನಾವು ಮಕ್ಕಳ ಮನಸ್ಸಿಗೆ ನೋವಾಗದ ಹಾಗೆ ಏಳನೇ ಕಾಲಂನ ಚಿಕ್ಕ ಅಕ್ಷರದಲ್ಲಿ ಬರೀತೀವಿ."

"ಅಂದ್ರೆ ಈಗ್ಲೂ ಅದೇ ಹಾಳೆನಾ?"

"ಸ್ಟಾಕ್ ಇದೆಯಲ್ಲಮ್ಮ."

ಅಷ್ಟರಲ್ಲಿ ಮುದುಕ ತೊಡೆ ತಟ್ಟಿದ. ಕಪಾಟಿನಿಂದ ಒಂದು ಕಡತ ತರಿಸಿ, ಬೆರಳಿಗೆ ಎಂಜಲು ಮಾಡಿಕೊಂಡು ತಿರುವಿ, ಒಂದು ಹಳದಿ ಹಾಳೆಯನ್ನು ಎಳೆದು ಮೇಲೆತ್ತಿದ. ಅದೂ ಜೈಲಿನದೇ ಫಾರಂ, ಶಿಕ್ಷಾ ಮಾಫಿಯ ಅರ್ಜಿ. "ಅಪರಾಧ ಅಳಿಸೋಕಾಗಲ್ಲ. ಕ್ಷಮಿಸೋಕೆ ಏನಡ್ಡಿ? ಶುಕ್ರವಾರ ಮಂತ್ರಿಗಳು ಬರ್ತಾರೆ. ಶತಮಾನೋತ್ಸವದ ನೆನಪಿಗೆ ಹಳೇ ಮಕ್ಕಳನ್ನೆಲ್ಲ ವೇದಿಕೆ ಮೇಲೆ ಕ್ಷಮಿಸಿಬಿಡೋದು! ಇದೇ ತೊಂದರೆ ಅಂತ ಆಗಲೇ ಹದಿನೇಳು ಜನ ಬಂದು ಹೋಗಿದ್ದಾರೆ. ಕ್ಷಮಾಪತ್ರ ಇದ್ರೆ ಯಾವ ಗುಮಾಸ್ತನೂ ಕೆಮ್ಮೋ ಹಾಗಿಲ್ಲ. ಇಲ್ಲೊಂದು ಸಹಿ ಹಾಕು."

ಅವಳು ಓದಿದಳು. ನಾನು ಮೇಲ್ಕಂಡ ಅಪರಾಧಕ್ಕಾಗಿ ಮನಃಪೂರ್ವಕ ಪಶ್ಚಾತ್ತಾಪ ಪಡುತ್ತೇನೆ. ಮುಂದೆಂದೂ ಇಂಥ ಕೃತ್ಯ ಎಸಗುವುದಿಲ್ಲ.

"ಅಮ್ಮನ್ನ ಇನ್ನೊಂದು ಸಲ ಸಾಯಿಸಲ್ಲ ಅಂತ ಬರ್ಕೊಡ್ಬೇಕಾ?"

"ಮಾತಿಗೆ ಮಾತು ಬೆಳೆಸ್ಬೇಡ ಮಗಳೇ. ಎಲ್ಲ ಶಾಸ್ತ್ರಕ್ಕೆ." ಅವನ ಲಕ್ಷ್ಯ ಆಗಲೇ ತನ್ನ ಹಸ್ತಪ್ರತಿಯ ಕಡೆ ತಿರುಗಿತ್ತು. "ಇದನ್ನ ಕೇಳು. ನೀನೂ ಹೆಮ್ಮೆಪಡೋ ವಿಷಯ. 'ನೂರು ವರ್ಷಗಳಲ್ಲಿ ನಮ್ಮ ಮಡಿಲಲ್ಲಿ ಒಂದು ಮಗುವೂ ಅಸುನೀಗಿಲ್ಲ.' ಹೇಗಿದೆ? ಹನ್ನೊಂದು ರಿಜಿಸ್ಟರೂ ನಾನೇ ಕೂತು ನೋಡಿದೀನಿ. ಮರಣ ಅನ್ನೋ ಕಾಲಮ್ಮೇ ಇಲ್ಲ!"

ಅವಳು ಹಳದಿ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಸಹಿ ಹಾಕಲಿಲ್ಲ. ಹಾಕುವುದಿಲ್ಲ ಎನ್ನಲೂ ಇಲ್ಲ. ಇಪ್ಪತ್ತೆರಡು ವರ್ಷ ದಿನಗೂಲಿಯಾಗಿ ದುಡಿದವರು ಬಾಗಿಲನ್ನು ಪೂರ್ತಿ ಮುಚ್ಚುವುದಿಲ್ಲ.

*

ಬುಧವಾರ ಆರನೇ ರಿಜಿಸ್ಟರಿನ ರಟ್ಟು ಕಿತ್ತು, ಹಳೆಯ ಅಂಟನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ, ದಾರ ಕತ್ತರಿಸುವಾಗ ಕಟಿಂಗ್ ಮೆಷಿನ್ನಿನ ಮಾವ ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತ. ಇವನನ್ನು ಮಾವ ಎನ್ನಲು ಅವಳಿಗೆ ಯಾರೂ ಆಜ್ಞೆ ಮಾಡಿರಲಿಲ್ಲ. ಎಡಗೈಯ ಎರಡು ಬೆರಳ ತುದಿ ಮೆಷಿನ್ನಿಗೆ ಕೊಟ್ಟವನು, ನಾಲಿಗೆಯನ್ನು ಮಾತ್ರ ಯಾರಿಗೂ ಕೊಡದವನು.

"ನಿನ್ನಂಥ ಪೆದ್ದಿನ ನಾನು ನೋಡಿಲ್ಲ ಕಣಮ್ಮ. ಊರೆಲ್ಲಾ ಸುತ್ತಿ ಅರ್ಜಿ ಕೊಡ್ತೀಯ. ಹಾಳೆ ನಿನ್ನ ಕೈಯಲ್ಲೇ ಇದೆಯಲ್ಲ?"

"ಇದ್ರೆ?"

"ಎಳೆದು ಒಲೆಗೆ ಹಾಕು. ಗುಮಾಸ್ತ ನಕಲನ್ನ ವಾಪಸ್ ಕೊಟ್ಟಿದಾನೆ ತಾನೆ? ಅದನ್ನೂ ಹಾಕು. ಆಮೇಲೆ ಬಾಲಮಂದಿರದಿಂದ 'ದಾಖಲೆ ಲಭ್ಯವಿಲ್ಲ' ಅಂತ ಒಂದು ಚೀಟಿ ತಗೊ. ದಾಖಲೆ ಇಲ್ಲದವರಿಗೆ ಅಫಿಡವಿಟ್ ಸಾಕು ಅಂತ ನಿಯಮಾನೇ ಇದೆ. ದಾಖಲೆ ಇರೋರಿಗೇ ಕಷ್ಟ ಈ ದೇಶದಲ್ಲಿ."

"ನಂಬರು ತಪ್ಪುತ್ತಲ್ಲ ಮಾವ?"

"ಇದರಲ್ಲಿ ಯಾವ ನಂಬರು ನೆಟ್ಟಗಿದೆ ತೋರಿಸು. ಗೆದ್ದಲು ತಿಂತು ಅಂತಾರೆ. ಆದ್ರೆ ಚಾಕು ಹಾಕ್ಬೇಡ. ಚೂರು ಉಳಿದ್ರೆ ಕಳ್ಳತನ. ಪೂರ್ತಿ ಹೋದ್ರೆ ಗೆದ್ದಲು. ನಾನು ಹೇಳ್ಬೇಕಾ ನಿನಗೆ?"

ಹೇಳಬೇಕಾಗಿರಲಿಲ್ಲ. ಹೊಲಿದ ಪುಸ್ತಕದಲ್ಲಿ ಒಂಟಿ ಎಲೆ ಎಂಬುದಿಲ್ಲ. ದೊಡ್ಡ ಹಾಳೆಯನ್ನು ನಡುವೆ ಮಡಚಿದರೆ ಎರಡು ಎಲೆ. ಅಂಥ ಎಂಟು ಹಾಳೆ ಒಂದರೊಳಗೊಂದು ಕೂತು ಒಂದು ಕಟ್ಟು. ಮಡಿಕೆಯ ಮೇಲೆ ದಾರ ಓಡುತ್ತದೆ. ಮೂರನೇ ಎಲೆಯ ಇನ್ನರ್ಧ ಹಿಂದಿನಿಂದ ಮೂರನೆಯದು. ಒಂದನ್ನು ಗುರುತಿಲ್ಲದಂತೆ ತೆಗೆಯಬೇಕಾದರೆ ಜೋಡಿಯನ್ನೂ ತೆಗೆಯಬೇಕು.

ಅವಳು ಕಟ್ಟನ್ನು ಬಿಡಿಸಿ ತನ್ನ ಹಾಳೆಯನ್ನು ಹೊರಗೆ ಹರಡಿದಳು. ಎಡಕ್ಕೆ ತಾನು. ಬಲಕ್ಕೆ, ಎರಡು ತಿಂಗಳ ನಂತರ ಸೇರಿದ ಏಳು ವರ್ಷದ ಹುಡುಗಿ. ಕಾಲಂ ಏಳು, ಅಪರಾಧ: ವಿಳಾಸ ತಿಳಿಸಲಿಲ್ಲ.

"ಗಿಲಕಿ," ಎಂದಳು ಬೈಂಡರಮ್ಮ.

"ಯಾರು?"

"ಪಕ್ಕದ ಮಂಚದವಳು. ಬಾಯಿ ಮುಚ್ಚುತ್ತಾನೇ ಇರ್ಲಿಲ್ಲ. ಅದಕ್ಕೇ ಗಿಲಕಿ ಅಂತಿದ್ವಿ."

ಒಂದು ಬೆಳಿಗ್ಗೆ ಗಿಲಕಿಯ ಮಂಚ ಖಾಲಿಯಾಗಿತ್ತು. ಹಾಸಿಗೆ ಸುತ್ತಿ ಹೊರಗೆ ಬಿಸಿಲಿಗೆ ಇಟ್ಟಿದ್ದರು. ಅಮ್ಮ ಎಂದು ಕರೆಸಿಕೊಳ್ಳುತ್ತಿದ್ದ ಮೇಟ್ರನ್, ಅವಳಿಗೆ ಬಿಡುಗಡೆ ಆಯ್ತು, ಪ್ರಾರ್ಥನೆಗೆ ನಡೀರಿ ಎಂದಳು. ಬಿಡುಗಡೆ! ಯಾರೋ ಚಿಕ್ಕಮ್ಮನೋ ಸೋದರಮಾವನೋ ಹುಡುಕಿಕೊಂಡು ಬಂದು ಕರೆದೊಯ್ದಿರಬೇಕು. ಎಲ್ಲರಿಗೂ ಹೊಟ್ಟೆಕಿಚ್ಚು. ಐದು ವರ್ಷದ ಬೈಂಡರಮ್ಮನಿಗೆ ಎಲ್ಲರಿಗಿಂತ ಹೆಚ್ಚು. ಹೋಗುವಾಗ ಒಂದು ಮಾತು ಹೇಳಲಿಲ್ಲವಲ್ಲ ಎಂದು ಅವಳು ಗಿಲಕಿಯನ್ನು ಬೈದಿದ್ದಳು. ದೊಡ್ಡವಳಾದ ಮೇಲೂ, ಎಲ್ಲೋ ಸುಖವಾಗಿರುವ, ಗಂಡ ಮಕ್ಕಳ ನಡುವೆ ದಪ್ಪಗಾಗಿರುವ ಒಬ್ಬ ಕೃತಘ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಲವತ್ತಾರು ವರ್ಷ ಬೈಯುತ್ತಲೇ ಬಂದಿದ್ದಳು.

ಎಲೆಯನ್ನು ತಿರುವಿದಳು. ಹಿಂಬದಿಯಲ್ಲಿ ಎರಡೇ ಸಾಲು. ಬಿಡುಗಡೆಯ ದಿನಾಂಕ. ಬಿಡುಗಡೆಯ ಕಾರಣ: ಜ್ವರ.

ಮಾವನೂ ಬಗ್ಗಿ ಓದಿದ.

"ಇದನ್ನ ತೆಗೆದ್ರೆ," ಎಂದಳು ಅವಳು, "ಇವಳು ಹುಟ್ಟೇ ಇಲ್ಲ ಅಂತಾಗುತ್ತೆ. ಆ ಮುದುಕನ ಇತಿಹಾಸ ನಿಜ ಆಗುತ್ತೆ."

"ಸತ್ತವಳಿಗೋಸ್ಕರ ಹೊಟ್ಟೆ ಮೇಲೆ ಹೊಡ್ಕೋತೀಯಾ?"

"ಇಷ್ಟು ದಿನ ಸುಮ್ಮಸುಮ್ಮನೆ ಬೈದಿದೀನಲ್ಲ ಮಾವ."

ಅವಳು ಹಾಳೆಯನ್ನು ಅದರ ಜಾಗಕ್ಕೇ ಸೇರಿಸಿದಳು. ದಾರಕ್ಕೆ ಮೇಣ ಹಚ್ಚಿ, ಒಂದಕ್ಕೆ ಎರಡು ಎಳೆ ಹಾಕಿ ಹೊಲಿದಳು. ಬೆನ್ನಿಗೆ ಅಂಟು ಬಳಿದ ಮೇಲೆ, ಹೊಸ ಪುಸ್ತಕವನ್ನು ಎರಡೂ ಬದಿಯಿಂದ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿ ಪಳಗಿಸುವುದು ಕಸುಬಿನ ರೀತಿ. ಅಂಟು ಹಸಿಯಿದ್ದಾಗ ಒಂದೇ ಕಡೆ ಬಲವಂತವಾಗಿ ಬಿಚ್ಚಿದರೆ ಪುಸ್ತಕ ಸಾಯುವ ತನಕ ಅಲ್ಲೇ ಬಾಯಿ ತೆರೆಯುತ್ತದೆ. ಹೊಸಬರು ಮಾಡುವ ತಪ್ಪು ಅದು. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ ಮಾಡಿರದ ತಪ್ಪು. ಗಿಲಕಿಯ ಎಲೆಯ ಹಿಂಬದಿಯನ್ನು ತೆರೆದು, ಎರಡೂ ಅಂಗೈ ಇಟ್ಟು, ಮೈಭಾರವೆಲ್ಲ ಹಾಕಿ ಒತ್ತಿದಳು. ಪುಸ್ತಕದ ಬೆನ್ನು ಲಟಕ್ಕೆಂದಿತು.

*

ಶುಕ್ರವಾರ ಬಾಲಮಂದಿರದ ಅಂಗಳದಲ್ಲಿ ಶಾಮಿಯಾನ. ರಿಜಿಸ್ಟರುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಜೋಡಿಸಲು ಮುದ್ರಣಾಲಯದಿಂದ ಬೈಂಡರಮ್ಮನೇ ಹೋಗಿದ್ದಳು. ಸುತ್ತೋಲೆ ಅಪ್ಪ ಒಂದೊಂದರಲ್ಲೂ ತನಗೆ ಬೇಕಾದ ಪುಟ ತೆರೆದಿಟ್ಟ. ಆರನೆಯದರಲ್ಲಿ ತನ್ನ ಸಹಿ ದೊಡ್ಡದಾಗಿರುವ ಮೊದಲ ಪುಟ. ಗಾಜು ಮುಚ್ಚುವುದರೊಳಗೆ ಪುಸ್ತಕ ಮೆಲ್ಲನೆ ಮಗುಚಿಕೊಂಡು ಗಿಲಕಿಯಲ್ಲಿಗೆ ಹೋಯಿತು. ಅವನು ಮತ್ತೆ ತಿರುವಿದ. ಅದು ಮತ್ತೆ ಹೋಯಿತು.

"ಏನಮ್ಮ ಇದು, ದೆವ್ವ ಮೆಟ್ಟಿದ ಹಾಗೆ?"

"ಹೊಸ ಬೈಂಡಿಂಗು ಸಾರ್. ಪಳಗಬೇಕು."

ಮೂರನೇ ಸಲಕ್ಕೆ ಮಂತ್ರಿಗಳ ಕಾರು ಬಂತು. ಮುದುಕ ತನ್ನ ಇತಿಹಾಸವಿದ್ದ ಸ್ಮರಣ ಸಂಚಿಕೆಯನ್ನೇ ಪುಟದ ಮೇಲೆ ಒಗೆದು ಗಾಜು ಮುಚ್ಚಿ ಓಡಿದ. ಸಂಚಿಕೆ ಮೇಲರ್ಧವನ್ನು ಮಾತ್ರ ಮುಚ್ಚಿತು. ಕೊನೆಯ ಸಾಲು ಕೆಳಗೆ ಇಣುಕುತ್ತಿತ್ತು.

ವೇದಿಕೆಯಲ್ಲಿ ಮಂತ್ರಿಗಳು ಮಕ್ಕಳೇ ದೇಶದ ಭವಿಷ್ಯ ಎಂದರು. ಭವಿಷ್ಯವೆಲ್ಲ ಬೆಳಿಗ್ಗೆ ಆರರಿಂದ ಬಿಸಿಲಲ್ಲಿ ಸಾಲುಗಟ್ಟಿ ನಿಂತು ತೂಕಡಿಸುತ್ತಿತ್ತು. ಆಮೇಲೆ ಕ್ಷಮಾದಾನ. ಒಬ್ಬ ಲಾರಿ ಡ್ರೈವರ್, ಇಬ್ಬರು ನರ್ಸುಗಳು, ಒಬ್ಬ ಶಾಲಾ ಮಾಸ್ತರು, ಹೀಗೆ ಹದಿನೇಳು ಮಂದಿ ತಲೆ ತಗ್ಗಿಸಿ ಬಂದು, ತಮ್ಮ ತಂದೆತಾಯಿ ಸತ್ತಿದ್ದಕ್ಕೆ ಮಂತ್ರಿಗಳ ಕೈಯಿಂದ ಕ್ಷಮೆ ಪಡೆದು, ಫೋಟೋ ಹೊಡೆಸಿಕೊಂಡು ಇಳಿದರು. ಅವರನ್ನು ಬೈಂಡರಮ್ಮ ಬೈಯಲಿಲ್ಲ. ಅವರವರ ಶನಿವಾರ ಅವರವರಿಗೆ. ಮೈಕಿನಲ್ಲಿ ಹದಿನೆಂಟನೆಯದಾಗಿ ಅವಳ ಹೆಸರು ಕರೆದರು. ಹಳದಿ ಹಾಳೆ ಚೀಲದಲ್ಲಿತ್ತು. ಪೆನ್ನೂ ಇತ್ತು. ಎರಡನೇ ಸಲ ಕರೆದಾಗ ಅವಳ ಕೈ ಚೀಲದೊಳಕ್ಕೆ ಹೋದದ್ದೂ ನಿಜ.

ಆಗ ಗಾಜಿನ ಪೆಟ್ಟಿಗೆಯ ಬಳಿ, ಸಾಲು ತಪ್ಪಿಸಿ ಬಂದ ಎರಡು ಜಡೆಯ ಹುಡುಗಿಯೊಬ್ಬಳು ಮೂಗನ್ನು ಗಾಜಿಗೊತ್ತಿ, ಅಕ್ಷರ ಕೂಡಿಸಿ ಓದುತ್ತಿದ್ದಳು. "ಬಿ-ಡು-ಗ-ಡೆ-ಯ ಕಾ-ರ-ಣ, ಜ್ವರ." ಓದಿ ಮುಗಿಸಿ ಅವಳ ಕಡೆ ತಿರುಗಿ ಕೇಳಿದಳು: "ಆಂಟೀ, ಜ್ವರ ಬಂದ್ರೆ ಬಿಡ್ತಾರಾ?"

ಬೈಂಡರಮ್ಮನ ಕೈ ಚೀಲದಿಂದ ಹೊರಬಂತು.

"ಇಲ್ಲ ಪುಟ್ಟಿ. ಅವಳು ಸತ್ತುಹೋದಳು."

"ಮತ್ತೆ ಹಾಗಂತ ಯಾಕೆ ಬರೆದಿಲ್ಲ?"

"ಅದಕ್ಕೆ ಕಾಲಂ ಇರ್ಲಿಲ್ಲ."

ಹುಡುಗಿ ಯೋಚಿಸಿದಳು. "ಪಕ್ಕದಲ್ಲಿ ಬರೀಬಹುದಿತ್ತು," ಎಂದು ಹೇಳಿ, ಮೇಟ್ರನ್ ಕಣ್ಣು ಬಿಡುವುದರೊಳಗೆ ಸಾಲಿಗೆ ಓಡಿದಳು. ಮೈಕಿನಲ್ಲಿ ಮೂರನೇ ಸಲ ಹೆಸರು ಕರೆದು, ಗೈರುಹಾಜರಿ ಎಂದು ಸಾರಿ, ವಂದನಾರ್ಪಣೆಗೆ ಹೋದರು.

*

ಶನಿವಾರ ನಾಲ್ಕೂವರೆಗೆ ಬೈಂಡರಮ್ಮ ಸಿಬ್ಬಂದಿ ವಿಭಾಗಕ್ಕೆ ಹೋಗಿ ಹೊಸ ಅರ್ಜಿ ಹಾಳೆ ಕೇಳಿ ಪಡೆದಳು. ಗುಮಾಸ್ತನ ಮೇಜಿನ ತುದಿಯಲ್ಲೇ ನಿಂತು ತುಂಬಿದಳು. ನಿಮ್ಮ ಮೇಲೆ ಯಾವುದಾದರೂ ಅಪರಾಧ ದಾಖಲಾಗಿದೆಯೇ? ಹೌದು. ವಿವರ: ನನ್ನ ತಾಯಿ ಸತ್ತಳು. ಶಿಕ್ಷೆ: ಹದಿಮೂರು ವರ್ಷ, ಪೂರ್ತಿ ಅನುಭವಿಸಿದ್ದೇನೆ. ಪಶ್ಚಾತ್ತಾಪ: ಇಲ್ಲ. ಅಕ್ಷರಗಳು ಹಾಳೆ ಹರಿಯುವಂತೆ ಒತ್ತಿ ಬಂದವು. ಒಂದೊಂದೂ ಒಬ್ಬೊಬ್ಬ ಅಪ್ಪನ ಮುಖಕ್ಕೆ ಉಗಿದ ಹಾಗಿತ್ತು. ಕೆಲಸ ಹೋಗುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು. ಹೋಗುವುದೇ ಆದರೆ ಬಾಯ್ತುಂಬ ಉಗಿದು ಹೋಗಬೇಕು. ಹೊರಗೆ ಮಾವ ಅವಳ ಊಟದ ಡಬ್ಬಿ, ಸೂಜಿ ಪೆಟ್ಟಿಗೆ ಹಿಡಿದು ಕಾಯುತ್ತಿದ್ದ.

ಗುಮಾಸ್ತ ಅರ್ಜಿಯನ್ನೂ ನಕಲನ್ನೂ ಪಕ್ಕಪಕ್ಕ ಇಟ್ಟ. ಬೆರಳಿಟ್ಟು ಒಂದೊಂದೇ ಸಾಲು ಇಳಿದ. ಅವಳು ಸೆರಗು ಬಿಗಿಮಾಡಿಕೊಂಡು, ಜಗಳಕ್ಕೆ ಮೊದಲ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡು ನಿಂತಳು.

"ತಾಳೆ ಆಯ್ತು," ಎಂದ ಅವನು.

"ಏನು?"

"ಎರಡೂ ಕಾಗದ ಒಂದೇ ಹೇಳ್ತಾ ಇವೆಯಲ್ಲ. ಹದಿನೆಂಟರೊಳಗಿನ ಅಪರಾಧ, ಶಿಕ್ಷೆ ಪೂರ್ತಿ. ನೇಮಕಕ್ಕೆ ಅಡ್ಡಿ ಇಲ್ಲ ಅಂತ ನಿಯಮ ಇದೆ." ಅವನು ಮುದ್ರೆಗೆ ಬಾಯಿಯಿಂದ ಹಬೆ ಊದಿ ಗುದ್ದಿದ. "ಪಶ್ಚಾತ್ತಾಪದ ಕಾಲಂ ನಮ್ಮ ಫಾರಂನಲ್ಲಿ ಇಲ್ಲ, ಅದನ್ನ ನೀವು ಸುಮ್ಮನೆ ಸೇರಿಸಿದೀರಿ. ಇರ್ಲಿ. ಇಷ್ಟು ಸಣ್ಣ ವಿಷಯಕ್ಕೆ ಎರಡು ವಾರ ತಿರುಗಾಡಿದ್ರಲ್ಲಮ್ಮ! ಮೊದಲೇ ಒಪ್ಕೊಂಡಿದ್ರೆ ಮುಗೀತಿತ್ತು."

ಅವಳು ಉಗಿದದ್ದನ್ನು ಅವನು ಒರೆಸಿಕೊಳ್ಳಲೂ ಇಲ್ಲ. ಕಡತಕ್ಕೆ ಸೇರಿಸಿ, ಪುಟಸಂಖ್ಯೆ ಹಾಕಿ, ದಾರ ಕಟ್ಟಿಬಿಟ್ಟ. ಹೊರಗೆ ಬಂದು ವಿಷಯ ಹೇಳಿದಾಗ ಮಾವ ಗೋಡೆಗೆ ಕೈ ಕೊಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವಳು ಡಬ್ಬಿಯನ್ನು ಕಿತ್ತುಕೊಂಡು ಮುಂದೆ ನಡೆದಳು.

ಕಾಯಂ ಆದೇಶ ಐದು ವಾರಕ್ಕೆ ಬಂತು. ಅದಾದ ಮೂರನೇ ದಿನ ಮೆಷಿನ್ ಕೋಣೆಯಿಂದ ಎರಡು ತಳ್ಳುಗಾಡಿ ತುಂಬ ಹೊಸ ಹಾಳೆ ಬಂತು. ಬಾಲಮಂದಿರದ ಉಗ್ರಾಣದಲ್ಲಿ ಉಳಿದಿದ್ದ ಹಳೆಯ ಫಾರಂಗಳನ್ನು ಕೊನೆಗೂ ಗೆದ್ದಲು ತಿಂದು ಮುಗಿಸಿತ್ತು. ಮೇಡಂ ಒಂದು ಹಳೆಯ ಹಾಳೆ ಲಗತ್ತಿಸಿ, ಮಾದರಿಯಂತೆಯೇ ಇಪ್ಪತ್ತು ಸಾವಿರ ಮುದ್ರಿಸಿ, ಹೊಲಿದು ಕೊಡಿ ಎಂದು ಬರೆದಿದ್ದರು. ಈ ಸಲ ಕಂಪ್ಯೂಟರಿನಲ್ಲಿ ಅಕ್ಷರ ಕೂಡಿಸಿದ್ದರು. ಮೇಲೆ ನಗುವ ಸೂರ್ಯ, ಕೈ ಕೈ ಹಿಡಿದ ಮಕ್ಕಳ ಚಿತ್ರ. ಕೆಳಗೆ ಏಳನೇ ಕಾಲಂ, ಅಪರಾಧ. ಚಿಕ್ಕ ಅಕ್ಷರದಲ್ಲಿ.

ಬೈಂಡರಮ್ಮ ಕಪಾಟು ತೆರೆದು ಗುಲಾಬಿ ಬಣ್ಣದ ಚೀಟಿ ಪುಸ್ತಕ ತೆಗೆದಳು. ಮುದ್ರಣ ಕೆಟ್ಟಿದ್ದರೆ ಹೊಲಿಯದೆ ವಾಪಸು ಕಳಿಸುವ ಚೀಟಿ. ಅದಕ್ಕೆ ಸಹಿ ಹಾಕುವ ಅಧಿಕಾರ ಕಾಯಂ ನೌಕರರಿಗೆ ಮಾತ್ರ. ದಿನಗೂಲಿಯವರು ಕೊಟ್ಟದ್ದನ್ನು ಹೊಲಿಯಬೇಕು. ದೋಷದ ವಿವರ ಎಂಬಲ್ಲಿ 'ಏಳನೇ ಕಾಲಂ' ಎಂದು ಬರೆದು, ಸಹಿ ಹಾಕಿ, ಚೀಟಿಯನ್ನು ಮೊದಲ ಗಾಡಿಯ ಮೇಲೆ ಅಂಟಿಸಿದಳು.

"ಏನ್ ಸಾಧಿಸ್ದಂಗಾಯ್ತು?" ಎಂದ ಮಾವ. "ಮೂರು ತಿಂಗಳಿಗೆ ಹಾಗ್ಹಾಗೇ ತಿರುಗಿ ಬರುತ್ತೆ ನೋಡು."

"ಬರಲಿ. ನನ್ನ ನಿವೃತ್ತಿಗೆ ಇನ್ನೂ ಒಂಬತ್ತು ವರ್ಷ ಇದೆ," ಎಂದು ಅವಳು ಎರಡನೇ ಗಾಡಿಗೆ ಇನ್ನೊಂದು ಚೀಟಿ ಹರಿದಳು.